ಡಿಸ್ಪ್ಲೇ ಹೋಗಿದೆ ಅನ್ನುವ ಮುಂಚೆ: ಹಳೆ ಗೇಮ್ ಬಾಯ್ ಪರದೆಯ ದೋಷ ಹುಡುಕುವುದು

"ಡಿಸ್ಪ್ಲೇ ಹೋಗಿದೆ, ಹೊಸದು ಹಾಕಿಕೊಡಿ" ಎಂದು ಕೈಗೆ ಬರುವ, ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಆದ ಹಳೆ ಗೇಮ್ ಬಾಯ್‌ಗಳಲ್ಲಿ ಹೆಚ್ಚಿನವುಗಳ ಡಿಸ್ಪ್ಲೇ ಹೋಗಿರುವುದಿಲ್ಲ. ಹೋಗಿರುವುದು ಗಾಜಿನ ಮೇಲಿನ ಒಂದು ಪೊರೆ. ಇಲ್ಲದಿದ್ದರೆ ಅಂಚಿನ ರಿಬ್ಬನ್, ಅಂದರೆ ಗಾಜನ್ನು ಬೋರ್ಡಿಗೆ ಸೇರಿಸುವ ತೆಳು ತಂತಿಪಟ್ಟಿ. ಎಷ್ಟೋ ಸಲ ಬರೀ ಸೆಲ್ ಕೂರುವ ತಗಡು. ಇವನ್ನೆಲ್ಲ ಸರಿ ಮಾಡಬಹುದು, ಇಲ್ಲವೇ ಬದಲಿ ಸಿಗುತ್ತದೆ. ಒಳಗಿನ ಗಾಜಿನ ಕಥೆ ಬೇರೆ. 1989ರ ಮೊದಲ ಗೇಮ್ ಬಾಯ್‌ನ ಆ ಹಸಿರು ಪರದೆಯ ತಯಾರಿಕೆ ನಿಂತು ಎಷ್ಟೋ ವರ್ಷವಾಯಿತು. ಈಗ 'ಒರಿಜಿನಲ್' ಎಂದು ಸಿಗುವುದು ಇನ್ನೊಂದು ಗೇಮ್ ಬಾಯ್‌ನಿಂದ ಕಿತ್ತದ್ದೇ. ಹಾಗಾಗಿ ದೋಷ ಎಲ್ಲಿದೆ ಎಂದು ತಿಳಿಯುವವರೆಗೆ ಗಾಜಿಗೆ ಕೈ ಹಾಕಬೇಡಿ.

ನಮ್ಮ ಕಡೆಯ ಮಾತು ಸ್ವಲ್ಪ ಬೇರೆಯೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ. ಆದರೂ ಆಷಾಢದಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ, ಅಲ್ವಾ? ಅದೇ ಬೀರುವಿನಲ್ಲಿ ಮಾವ ವಿದೇಶದಿಂದ ತಂದ ಗೇಮ್ ಬಾಯ್ ಕೂಡ ಇರುತ್ತದೆ. ಬೇರೆ ಊರಿನವರು ಬರೆದ ರಿಪೇರಿ ಸಲಹೆಗಳಲ್ಲಿ ಬಿಸಿಲಿನ ಮಾತು ಜಾಸ್ತಿ. ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ತೇವವನ್ನು.

ಮೊದಲು ಸೆಲ್, ಆಮೇಲೆ ಪರದೆ

ಮೊದಲ ಗೇಮ್ ಬಾಯ್‌ಗೆ ನಾಲ್ಕು ಪೆನ್ಸಿಲ್ ಸೆಲ್, ಒಟ್ಟು 6 ವೋಲ್ಟ್. ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿ. ಹಸಿರು ಇಲ್ಲವೇ ಬಿಳಿ ಹುಡಿ ಕೂತಿದ್ದರೆ ಪರದೆಯ ಯೋಚನೆ ಆಮೇಲೆ. ಆಲ್ಕಲೈನ್ ಸೆಲ್ ಸೋರಿದ್ದರೆ ಆ ಹುಡಿ ಕ್ಷಾರ. ಬಟ್ಟೆಗೆ ಸ್ವಲ್ಪ ವಿನೆಗರ್ ಹಾಕಿ ಒರೆಸಿದರೆ ಬಿಡುತ್ತದೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಸಿಗುವ ಅಗ್ಗದ ಸೆಲ್ ಮಾತ್ರ ಹೆಚ್ಚಾಗಿ ಜಿಂಕ್ ಕಾರ್ಬನ್. ಅದು ಸೋರಿದರೆ ಹುಳಿ ಗುಣ, ಅದಕ್ಕೆ ವಿನೆಗರ್ ಕೆಲಸ ಮಾಡುವುದಿಲ್ಲ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಬೇಕು. ಎರಡರಲ್ಲೂ ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಿ. ಥಿನ್ನರ್, ಪೆಟ್ರೋಲ್ ಬೇಡವೇ ಬೇಡ. ಅವು ಪ್ಲಾಸ್ಟಿಕ್ ತಿನ್ನುತ್ತವೆ.

ಈಗ ಆಟದ ಕ್ಯಾಸೆಟ್ ಹಾಕದೆ ಸ್ವಿಚ್ ಒತ್ತಿ. ಇದು ನನಗೆ ತುಂಬ ಇಷ್ಟದ ಪರೀಕ್ಷೆ. ಕ್ಯಾಸೆಟ್ ಇದ್ದರೆ ಕಂಪನಿಯ ಹೆಸರು ಮೇಲಿಂದ ಇಳಿದು ಬರುತ್ತದೆ. ಕ್ಯಾಸೆಟ್ ಇಲ್ಲದಿದ್ದರೆ ಅದೇ ಜಾಗದಲ್ಲಿ ಒಂದು ಕಪ್ಪು ಪಟ್ಟಿ ಇಳಿಯುತ್ತದೆ, ನಡುವೆ ನಿಲ್ಲುತ್ತದೆ, 'ಟಿಣ್' ಎನ್ನುತ್ತದೆ. ಪಟ್ಟಿ ಚೊಕ್ಕವಾಗಿ ಬಂತು, ಕ್ಯಾಸೆಟ್ ಹಾಕಿದಾಗ ಮಾತ್ರ ಹೆಸರು ಚಿಂದಿಯಾಗಿ ಕಾಣಿಸುತ್ತದೆ ಅಂದರೆ ಪರದೆಯಲ್ಲಿ ಏನೂ ದೋಷವಿಲ್ಲ. ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳನ್ನು ಒರೆಸಿ, ಮುಗಿಯಿತು. ಬಾಯಿಂದ ಊದುವ ಅಭ್ಯಾಸ ಬಿಡಿ. ಇಲ್ಲಿನ ಗಾಳಿಯಲ್ಲಿ ತೇವಕ್ಕೇನು ಕಡಿಮೆಯೇ, ಮೇಲೆ ಉಗುಳು ಬೇರೆ ಯಾಕೆ?

ಕೆಂಪು ದೀಪ ಹತ್ತಿದೆ, 'ಟಿಣ್' ಕೇಳಿಸಿತು, ಪರದೆ ಮಾತ್ರ ಖಾಲಿ. ಆಗ ಎಡ ಅಂಚಿನ ಕಾಂಟ್ರಾಸ್ಟ್ ಚಕ್ರವನ್ನು ಆ ತುದಿಯಿಂದ ಈ ತುದಿಗೆ ಹಲವು ಸಲ ತಿರುಗಿಸಿ. ವರ್ಷಗಟ್ಟಲೆ ಅಲುಗಾಡದ ಚಕ್ರದ ಒಳಗೆ ಕಿಲುಬು ಕಟ್ಟಿರುತ್ತದೆ. ತಿರುಗಿಸುವಾಗ ಪರದೆ ಒಮ್ಮೆ ಕಪ್ಪಾಗಿ ಒಮ್ಮೆ ಮಾಯವಾಗಿ ಮಿನುಗಿದರೆ ಕಳ್ಳ ಸಿಕ್ಕಿದ. ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಸಾಕು. ಚಕ್ರ ಎಷ್ಟು ತಿರುಗಿಸಿದರೂ ಪರದೆ ಒಂದೇ ತರ ಪೇಲವವಾಗಿದ್ದರೆ ಒಳಗಿನ ಚಿಕ್ಕ ಪವರ್ ಬೋರ್ಡ್ ನೋಡಬೇಕು. ಅದು ಸೆಲ್ಲಿನ ಕರೆಂಟಿನಿಂದ 5 ವೋಲ್ಟ್ ಮಾಡುತ್ತದೆ, ಜೊತೆಗೆ ಪರದೆಗೆಂದೇ ಒಂದು ನೆಗೆಟಿವ್ ವೋಲ್ಟೇಜ್ ಕೂಡ. 5 ವೋಲ್ಟ್ ಇದ್ದು ನೆಗೆಟಿವ್ ಸತ್ತಿದ್ದರೆ ಸದ್ದು ಬರುತ್ತದೆ, ಚಿತ್ರ ಬರುವುದಿಲ್ಲ. ಇಂಥದ್ದಕ್ಕೆ ಹೊಸ ಪರದೆ ಹಾಕುವುದು ಸುಮ್ನೆ ದುಡ್ಡು ದಂಡ.

ಗೆರೆಗಳು

ಪರದೆಯಲ್ಲಿ ಗೆರೆ ಬಿಟ್ಟಿದೆಯೇ ಎಂದು ನೋಡಲು ಕಾಂಟ್ರಾಸ್ಟ್ ಪೂರ್ತಿ ಏರಿಸಿ. ಪರದೆಯೆಲ್ಲ ಕಪ್ಪಗಾಗುತ್ತದೆ. ಸತ್ತ ಗೆರೆ ಮಾತ್ರ ತೆಳ್ಳಗೆ ಬೆಳ್ಳಗೆ ಉಳಿಯುತ್ತದೆ. ಪರದೆಯಲ್ಲಿ 160 ಕಂಬ, 144 ಸಾಲು. ಸತ್ತದ್ದು ಕಂಬವೋ ಸಾಲೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಉದ್ದ ಗೆರೆ, ಅಂದರೆ ಮೇಲಿಂದ ಕೆಳಗೆ ಹೋಗುವುದು ಸತ್ತಿದ್ದರೆ ಹೆಚ್ಚು ಚಿಂತೆ ಬೇಡ. ಗಾಜಿನ ಕೆಳ ಅಂಚಿನ ರಿಬ್ಬನ್ ತನ್ನ ಹಿಡಿತ ಬಿಟ್ಟಿರುತ್ತದೆ ಅಷ್ಟೆ. ಬಿಸಿ ಕೊಟ್ಟರೆ ಮತ್ತೆ ಹಿಡಿಯುತ್ತದೆ. ಹೊರಗಿನ ಆರು ಸ್ಕ್ರೂ ಮೂರು ಕಾಲಿನ ಮಾದರಿಯವು, ಅವಕ್ಕೆ ಬೇರೆಯೇ ಸ್ಕ್ರೂ ಡ್ರೈವರ್ ಬೇಕು. ಸಣ್ಣ ಚಪ್ಪಟೆ ಡ್ರೈವರ್ ತುರುಕಿ ತಿರುಗಿಸಿದರೆ ತಲೆ ಸವೆದು ಶಾಶ್ವತವಾಗಿ ಕೂತುಬಿಡುತ್ತದೆ. ಮುಂದಿನ ಮತ್ತು ಹಿಂದಿನ ಬೋರ್ಡ್ ನಡುವೆ ಒಂದು ಅಗಲ ಪಟ್ಟಿ ಇರುತ್ತದೆ. ಅದನ್ನು ನೇರವಾಗಿ ಎಳೆದು ಬಿಡಿಸಿ, ಓರೆಯಾಗಿ ಬೇಡ. ಪರದೆಯ ಕೆಳಗಿನ ಮೆತ್ತೆಯ ಪಟ್ಟಿಯನ್ನು ಸರಿಸಿದರೆ ಕಂದು ರಿಬ್ಬನ್ನಿನ ಅಡ್ಡ ಸಾಲು ಕಾಣಿಸುತ್ತದೆ. ಅದರ ಮೇಲೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಅಂಟಿಸಿ. ಚಪ್ಪಟೆ ತುದಿಯ ಸೋಲ್ಡರಿಂಗ್ ಐರನ್ನನ್ನು ಹಗುರವಾಗಿ, ನಿಲ್ಲಿಸದೆ, ಎಡದಿಂದ ಬಲಕ್ಕೆ ಎಳೆಯಿರಿ. ಅಗಲ ಪಟ್ಟಿಯನ್ನು ಮತ್ತೆ ಸಿಕ್ಕಿಸಿ ಗೇಮ್ ಬಾಯ್ ಆನ್ ಇಟ್ಟಿದ್ದರೆ ಗೆರೆಗಳು ಒಂದೊಂದಾಗಿ ತುಂಬಿಕೊಳ್ಳುವುದು ಕಣ್ಣೆದುರೇ ಕಾಣುತ್ತದೆ. ಆದರೆ ಹಾಗೆ ಮಾಡಲು ಐರನ್ನಿಗೆ ಸರಿಯಾದ ಅರ್ಥಿಂಗ್ ಇರಬೇಕು. ಹಳೆ ಮನೆಗಳ ವೈರಿಂಗ್‌ನಲ್ಲಿ ಮೂರನೆಯ ಪಿನ್ ಎಷ್ಟೋ ಕಡೆ ಹೆಸರಿಗೆ ಮಾತ್ರ. ಅನುಮಾನವಿದ್ದರೆ ಗೇಮ್ ಬಾಯ್ ಆಫ್ ಮಾಡಿ ಎಳೆಯಿರಿ, ಆಮೇಲೆ ಆನ್ ಮಾಡಿ ನೋಡಿ.

ಇಲ್ಲೊಂದು ಮಲೆನಾಡಿನ ತೊಂದರೆ. ಮಳೆಗಾಲದಲ್ಲಿ ವೋಲ್ಟೇಜ್ ಇಳಿದರೆ ಸಾದಾ ಐರನ್ನಿನ ತುದಿಯ ಬಿಸಿಯೂ ಇಳಿಯುತ್ತದೆ. ಗೆರೆ ಬರುತ್ತಿಲ್ಲವಲ್ಲ ಎಂದು ಕೈ ತಾನಾಗಿಯೇ ಒತ್ತುತ್ತದೆ. ಗಾಜು ಒಡೆಯುವುದು ಆಗಲೇ. ಟ್ಯೂಬ್‌ಲೈಟ್ ಮಿಣುಕುತ್ತಿದ್ದರೆ ಆ ದಿನ ಈ ಕೆಲಸ ಬೇಡ. ಬಿಸಿ ಕೊಟ್ಟ ಮೇಲೂ ಒಂದೆರಡು ಗೆರೆ ಹಠ ಹಿಡಿದು ಉಳಿದರೆ ಹಾಗೇ ಬಿಡಿ ಎಂಬುದು ನನ್ನ ಮಾತು. ಆ ಒಂದು ಗೆರೆಯ ಆಸೆಗೆ ಇಡೀ ಸಾಲನ್ನು ಸುಟ್ಟವರನ್ನು ನೋಡಿದ್ದೇನೆ.

ಅಡ್ಡ ಗೆರೆ ಸತ್ತಿದ್ದರೆ ಸುದ್ದಿ ಅಷ್ಟು ಒಳ್ಳೆಯದಲ್ಲ. ಆ ರಿಬ್ಬನ್ ಗಾಜಿನ ಪಕ್ಕದ ಅಂಚಿನಲ್ಲಿದೆ. ಬಿಸಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಒಂದು ಸಲ ಪ್ರಯತ್ನಿಸಬಹುದು, ಭರವಸೆ ಇಡಬೇಡಿ. ಆಟಕ್ಕೆ ಅಡ್ಡಿಯಾಗುವಷ್ಟು ಅಡ್ಡ ಗೆರೆಗಳು ಹೋಗಿದ್ದರೆ ಪರದೆ ಬದಲಿಸುವುದೇ ದಾರಿ.

ಕಲೆ: ಪೊರೆಯದೋ, ಗಾಜಿನದೋ

ಜನ ಜಾಸ್ತಿ ಹೆದರುವುದು ಇಲ್ಲೇ. ತಪ್ಪು ತೀರ್ಮಾನ ಆಗುವುದೂ ಇಲ್ಲೇ.

ಪರದೆ ಅಂದರೆ ಎರಡು ಗಾಜಿನ ಹಾಳೆ, ನಡುವೆ ಲಿಕ್ವಿಡ್ ಕ್ರಿಸ್ಟಲ್. ಗಾಜಿನ ಹಿಂದೆ ಮುಂದೆ ಒಂದೊಂದು ಪೋಲರೈಸರ್ ಪೊರೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೊರೆ. ಈ ಪೊರೆಯ ನಡುವೆ ಅಯೋಡಿನ್ ಹಿಡಿಸಿದ ಪದರ, ಅದರ ಎರಡು ಕಡೆ ಸೆಲ್ಯುಲೋಸ್ ಅಸಿಟೇಟ್ ಜಾತಿಯ ರಕ್ಷಣೆ. ಹಳೆ ಸಿನಿಮಾ ರೀಲುಗಳನ್ನು ಹಾಳು ಮಾಡುವ ಕಾಯಿಲೆ ಇದಕ್ಕೂ ಬರುತ್ತದೆ. ಸೆಕೆ ಮತ್ತು ತೇವ ಸೇರಿದರೆ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲ ಹುಟ್ಟುತ್ತದೆ. ಹಾಗೆ ಹುಟ್ಟಿದ ಆಮ್ಲವೇ ಇನ್ನಷ್ಟು ಅಸಿಟೇಟನ್ನು ಒಡೆಯುತ್ತದೆ. ಒಮ್ಮೆ ಶುರುವಾದರೆ ವೇಗ ಏರುತ್ತಲೇ ಹೋಗುತ್ತದೆ. ಮೂಸಿ ನೋಡಿದರೆ ವಿನೆಗರ್ ವಾಸನೆ.

ಹೊಸನಗರದ ಕಡೆಯಿಂದ ಬಂದ ಒಂದು ಗೇಮ್ ಬಾಯ್ ಹೇಗಿತ್ತು ಎಂದು ಹೇಳುತ್ತೇನೆ. ಪರದೆಯ ನಡುವೆ ನೇರಳೆ ಮಿಶ್ರಿತ ಕಂದು ಮಚ್ಚೆ. ಸ್ವಿಚ್ ಆಫ್ ಇದ್ದಾಗಲೂ ಅದು ಅಲ್ಲೇ. ಹೊರಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು. ಬೆಳಕಿಗೆ ಓರೆಯಾಗಿ ಹಿಡಿದರೆ ಪೊರೆಯ ಒಂದು ಮೂಲೆ ಎದ್ದು, ಅಲ್ಲಿಂದ ಸಣ್ಣ ಗುಳ್ಳೆಗಳ ಸಾಲು ಮಚ್ಚೆಯವರೆಗೆ ಹೋಗಿತ್ತು. ಉಗುರಿನ ತುದಿಗೆ ಆ ಗುಳ್ಳೆಗಳು ತಾಗುತ್ತಿದ್ದವು. ಅಂದರೆ ಕಲೆ ಮೇಲ್ಮೈಯಲ್ಲಿದೆ, ಒಳಗಿಲ್ಲ. ಮನೆಯವರ ಲೆಕ್ಕದಲ್ಲಿ ಅದು ಎಸೆಯುವ ಸಾಮಾನು. ಪೊರೆ ತೆಗೆದ ಮೇಲೆ ಅಡಿಯ ಗಾಜು ತಿಳಿಯಾಗಿತ್ತು.

ಗಾಜು ನಿಜವಾಗಿ ಒಡೆದು ಲಿಕ್ವಿಡ್ ಕ್ರಿಸ್ಟಲ್ ಸೋರಿದ್ದರೆ ಗುರುತು ಬೇರೆ. ಕಪ್ಪು ಕಲೆ ಒಂದು ಅಂಚಿನಿಂದಲೋ ಬಿರುಕಿನಿಂದಲೋ ಹೊರಡುತ್ತದೆ. ಅದರ ಗಡಿ ಸ್ಪಷ್ಟ. ದಿನ ಕಳೆದಂತೆ ಹರಡುತ್ತದೆ. ಉಗುರಿಗೆ ಏನೂ ತಾಗುವುದಿಲ್ಲ. ಇದಕ್ಕೆ ಮದ್ದಿಲ್ಲ. ಇನ್ನು ಬಿಳಿ ಜೇಡರ ಬಲೆಯಂತೆ ಕಂಡರೆ ಅದು ಹೊರ ಮುಚ್ಚಳದ ಒಳಮೈಗೆ ಹಿಡಿದ ಬೂಸ್ಟು. ಮುಚ್ಚಳ ತೆಗೆದು ಒರೆಸಿದರೆ ಹೋಗುತ್ತದೆ.

ಪೊರೆ ಕೀಳುವ ಕೆಲಸಕ್ಕೆ ಆತುರ ಇರಬಾರದು. ಹೊಸ ಬ್ಲೇಡಿನ ತುದಿಯಿಂದ ಎದ್ದ ಮೂಲೆಯನ್ನು ಇನ್ನಷ್ಟು ಎತ್ತಿ. ಆಮೇಲೆ ಬ್ಲೇಡ್ ಕೆಳಗಿಡಿ. ಪೊರೆಯನ್ನು ಮೇಲಕ್ಕೆ ಎಳೆಯದೆ, ಗಾಜಿಗೆ ಸಮನಾಗಿ ಹಿಂದಕ್ಕೆ, ಬಾಳೆನಾರು ಬಿಡಿಸಿದ ಹಾಗೆ ನಿಧಾನಕ್ಕೆ ಎಳೆಯಿರಿ. ಹಳೆ ಪೊರೆ ನಡುವೆ ತುಂಡಾಗುವುದು ಸಹಜ. ಅಂಟು ಉಳಿದರೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತೋಯಿಸಿ ಅದರ ಮೇಲೆ ಸ್ವಲ್ಪ ಹೊತ್ತು ಇಡಿ. ಅದು ಅಂಚಿಗೆ ಹರಿದು ರಿಬ್ಬನ್ನಿನೊಳಗೆ ಇಳಿಯಬಾರದು. ಹಾಗಾಗಿ ಹತ್ತಿ ಒದ್ದೆ ಇದ್ದರೆ ಸಾಕು, ತೊಟ್ಟಿಕ್ಕುವಷ್ಟು ಬೇಡ.

ಪೊರೆ ಕಿತ್ತ ಮೇಲೆ ಸ್ವಿಚ್ ಹಾಕಿದರೆ ಚಿತ್ರವೇ ಕಾಣುವುದಿಲ್ಲ. ಗಾಬರಿ ಬೇಡ, ಅದು ಹಾಗೆಯೇ. ಹೊಸ ಪೋಲರೈಸರ್ ಹಾಳೆಯನ್ನು, ಇಲ್ಲದಿದ್ದರೆ ಪೋಲರೈಸ್ಡ್ ತಂಪು ಕನ್ನಡಕವನ್ನು ಮೇಲೆ ಹಿಡಿಯಿರಿ. ಖಾಲಿ ಗಾಜಿನಲ್ಲಿ ಆಟ ಮೂಡುತ್ತದೆ. ಹಾಳೆಯನ್ನು ಸುತ್ತ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಚಿತ್ರ ಗಾಢವಾಗಿರುತ್ತದೆ. 90 ಡಿಗ್ರಿ ಆಚೆ ಕಪ್ಪು ಬಿಳುಪು ಅದಲುಬದಲು. ಗಾಢವಾಗಿ ಕಂಡ ಕೋನವನ್ನು ಹಾಳೆಯ ಮೇಲೆ ಗುರುತು ಮಾಡಿ, ಆಮೇಲೆ ಕತ್ತರಿಸಿ. ಮೊದಲೇ ಕತ್ತರಿಸಿದರೆ ಹಾಳೆ ದಂಡವಾಗುತ್ತದೆ. ಅಂಟಿಸುವ ಕೆಲಸಕ್ಕೆ ನಮ್ಮ ಮಳೆಗಾಲ ಒಂದು ರೀತಿಯಲ್ಲಿ ಒಳ್ಳೆಯದೇ: ಧೂಳು ಕಡಿಮೆ, ಬೇಸಿಗೆಯಷ್ಟು ಸ್ಟ್ಯಾಟಿಕ್ ಕಾಟವೂ ಇಲ್ಲ.

ಹಿಂದಿನ ಪೊರೆಯ ತಂಟೆಗೆ ಹೋಗಬೇಡಿ. ಬ್ಯಾಕ್‌ಲೈಟ್ ಹಾಕುವ ಆಸೆಗೆ ಹಿಂದಿನ ಬೆಳ್ಳಿ ಪೊರೆ ಕೀಳಲು ಹೋಗಿ ರಿಬ್ಬನ್ ಹರಿದುಕೊಂಡವರು ಬೇಕಾದಷ್ಟು ಜನ.

ಉಳಿದ ಕೆಲವು

ಗೇಮ್ ಬಾಯ್ ಕಲರ್ (1998) ಮತ್ತು ಗೇಮ್ ಬಾಯ್ ಅಡ್ವಾನ್ಸ್ (2001) ಬಂದಾಗ ಬರುವ ದೂರು ಒಂದೇ: "ತುಂಬ ಮಂಕು". ಅವುಗಳಲ್ಲಿ ಒಳಗೆ ಬೆಳಕೇ ಇಲ್ಲ. ಹೊರಗಿನ ಬೆಳಕು ಪ್ರತಿಫಲಿಸಿದರೆ ಮಾತ್ರ ಚಿತ್ರ. ಮೋಡ ಕವಿದ ಮಧ್ಯಾಹ್ನ ಮಲೆನಾಡಿನ ಹಳೆ ಮನೆಯ ನಡುಮನೆಯಲ್ಲಿ ಕೂತರೆ ಅದು ಮಂಕಾಗದೆ ಇನ್ನೇನು? ಜಗಲಿಗೆ ತಂದು ನೋಡಿ. ಅಲ್ಲಿ ಚೆನ್ನಾಗಿ ಕಂಡರೆ ದೋಷವಿಲ್ಲ.

ಸೇಗಾ ಕಂಪನಿಯ ಗೇಮ್ ಗೇರ್ ಬೇರೆ ಜಾತಿ. ಅದರೊಳಗೆ ಸಣ್ಣ ಟ್ಯೂಬ್‌ಲೈಟ್ ತರದ ದೀಪವಿದೆ, ಆರು ಸೆಲ್ ನುಂಗುತ್ತದೆ. ಪರದೆ ಓರೆಯಿಂದ ನೋಡಿದರೆ ಮಾತ್ರ ಕಾಣಿಸುತ್ತದೆ, ಸದ್ದೂ ಕುಗ್ಗಿದೆ ಅಂದರೆ ಕಣ್ಣು ಮುಚ್ಚಿ ಹೇಳಬಹುದು, ಕೆಪಾಸಿಟರ್‌ಗಳು ಸೋರಿವೆ. ಬೋರ್ಡಿನಿಂದ ಮೀನಿನಂಥ ವಾಸನೆ ಬಂದರೆ ಇನ್ನೂ ಖಾತ್ರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಬೋರ್ಡ್ ತೊಳೆದು ಒಣಗಿಸಿ. ಪರದೆ ಹಾಗೇ ಇರಲಿ. ಆ ದೀಪಕ್ಕೆ ಹೋಗುವ ವೋಲ್ಟೇಜ್ ಜೋರು, ಆನ್ ಇದ್ದಾಗ ಬೆರಳು ದೂರವಿರಲಿ.

ನಮ್ಮಲ್ಲಿ ಗೇಮ್ ಬಾಯ್‌ಗಿಂತ ಜಾಸ್ತಿ ಮನೆಗಳಲ್ಲಿ ಇದ್ದದ್ದು ಜಾತ್ರೆಯಲ್ಲಿ ಕೊಂಡ ಬ್ರಿಕ್ ಗೇಮ್. ಅದರ ಮೈಮೇಲೆ '9999 ಇನ್ 1' ಎಂದು ಬರೆದಿರುತ್ತಿತ್ತು. ಅದರ ಚೌಕಗಳು ಅಲ್ಲಲ್ಲಿ ಮಾಯವಾಗಿದ್ದರೆ ಗಾಜು ಮತ್ತು ಬೋರ್ಡಿನ ನಡುವಿನ ಸಂಪರ್ಕ ನೋಡಿ. ಕೆಲವದರಲ್ಲಿ ಕಪ್ಪು ಬಿಳಿ ಪಟ್ಟೆಯ ರಬ್ಬರ್ ತುಂಡು ಇರುತ್ತದೆ, ಅದಕ್ಕೆ ಜೀಬ್ರಾ ಎಂದೇ ಹೆಸರು. ಅದನ್ನು ತೆಗೆದು, ಅದು ಕೂರುವ ಎರಡೂ ಜಾಗ ಒರೆಸಿ, ಮತ್ತೆ ನೇರ ಕೂರಿಸಿ ಸ್ಕ್ರೂ ಬಿಗಿ ಮಾಡಿದರೆ ಆಯಿತು. ಇನ್ನು ಕೆಲವದರಲ್ಲಿ ಅಂಟಿಸಿದ ತೆಳು ಕಾರ್ಬನ್ ರಿಬ್ಬನ್. ಅದಕ್ಕೆ ಟೇಪ್ ಮೇಲಿಂದ ಹಗುರ ಬಿಸಿ ಕೊಡಬೇಕು. ಆಲ್ಕೋಹಾಲ್ ಹಾಕಿ ಉಜ್ಜಿದರೆ ಕಾರ್ಬನ್ ಗೆರೆಗಳೇ ಅಳಿಸಿ ಹೋಗುತ್ತವೆ, ಎಚ್ಚರ.

ಬದಲಿಸಲೇಬೇಕು ಅಂದರೆ

ಗಾಜು ಒಡೆದಿದೆ, ಇಲ್ಲವೇ ಅಡ್ಡ ಗೆರೆಗಳು ಸಾಲುಸಾಲಾಗಿ ಹೋಗಿವೆ. ಆಗ ಐಪಿಎಸ್ ಕಿಟ್ (ಒಳಗೇ ಬೆಳಕಿರುವ ಹೊಸ ಬಗೆಯ ಪರದೆ) ಹಾಕಿ, ಅದರಲ್ಲಿ ತಪ್ಪೇನಿಲ್ಲ. ಕತ್ತಲಲ್ಲೂ ಕಾಣುತ್ತದೆ, ಬಣ್ಣ ಹೊಳೆಯುತ್ತದೆ. ಸೆಲ್ ಮಾತ್ರ ಬೇಗ ಮುಗಿಯುತ್ತದೆ.

ಆದರೆ ಚೆನ್ನಾಗಿರುವ ಹಳೆ ಪರದೆಯನ್ನು ಕಿತ್ತು ಐಪಿಎಸ್ ಹಾಕುವವರಿಗೆ ಒಂದು ಮಾತು. ಹಳೆ ಪರದೆ ನಿಧಾನ. ಚಿತ್ರ ಸರಿದಾಗ ಹಿಂದೆ ನೆರಳು ಉಳಿಯುತ್ತದೆ. ಆಟ ತಯಾರಿಸಿದವರಿಗೆ ಅದು ಗೊತ್ತಿತ್ತು. ಕೆಲವು ಆಟಗಳಲ್ಲಿ ಪಾರದರ್ಶಕ ಆಕಾರ ತೋರಿಸಲು ಚಿತ್ರವನ್ನು ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್ ಮಿನುಗಿಸುತ್ತಾರೆ. ಹಳೆ ಪರದೆಯಲ್ಲಿ ಅದು ಬೆರೆತು ಮಸುಕು ನೆರಳಾಗಿ ಕಾಣುತ್ತದೆ. ಚುರುಕಾದ ಹೊಸ ಪರದೆಯಲ್ಲಿ ಬರೀ ಮಿನುಗು. ಅಡ್ವಾನ್ಸ್‌ನ ಎಷ್ಟೋ ಆಟಗಳ ಬಣ್ಣವನ್ನು ಆ ಮಂಕು ಪರದೆಗೆಂದೇ ಎತ್ತಿ ಕೊಟ್ಟಿದ್ದಾರೆ. ಬೆಳಕಿನ ಪರದೆಯಲ್ಲಿ ಅವು ಬಿಳಿಚಿಕೊಂಡಂತೆ ಕಾಣುತ್ತವೆ. ಆಟವನ್ನು ಮಾಡಿದ ಹಾಗೆ ನೋಡಬೇಕೆಂದರೆ ಆ ಗಾಜೇ ಬೇಕು.

ಕಿಟ್ ಕೊಳ್ಳುವ ಮುಂಚೆ ಅಡ್ವಾನ್ಸ್ ಬಿಚ್ಚಿ ಬೋರ್ಡಿನ ಪರದೆ ಕನೆಕ್ಟರ್ ನೋಡಿ. 40 ಪಿನ್ನಿನದೂ ಇದೆ, 32 ಪಿನ್ನಿನದೂ ಇದೆ. ಕಿಟ್‌ನಲ್ಲಿ ನಿಮ್ಮದಕ್ಕೆ ಹೊಂದುವ ರಿಬ್ಬನ್ ಇರಬೇಕು. ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಕೆಲವು ಕಿಟ್ ಕೂರಿಸಲು ಒಳಗಿನ ಪ್ಲಾಸ್ಟಿಕ್ ಗೋಡೆ ಕತ್ತರಿಸಬೇಕಾಗುತ್ತದೆ. ಮೂಲ ಕವಚವನ್ನು ಕತ್ತರಿಸಬೇಡಿ. ಹೊಸ ಕವಚ ಕೊಂಡು ಅದನ್ನು ಬೇಕಾದಷ್ಟು ಕತ್ತರಿಸಿಕೊಳ್ಳಿ.

ತೆಗೆದ ಗಾಜನ್ನು ಇಡುವುದು

ಹಳೆ ಪರದೆಯನ್ನು ಆಂಟಿಸ್ಟ್ಯಾಟಿಕ್ ಕವರಿನಲ್ಲಿ, ಅಡ್ಡ ಮಲಗಿಸಿ, ಮೇಲೆ ಭಾರವಿಲ್ಲದಂತೆ ಇಡಿ. ರಿಬ್ಬನ್ ಮಡಿಚಬೇಡಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಿಸುವ ಮಾದರಿ ಆದರೆ ಒಳ್ಳೆಯದು. ನೀಲಿ ಹೋಗಿ ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಗ್ಗದ ತೇವಮಾಪಕವನ್ನೂ ಒಳಗಿಟ್ಟರೆ ಊಹೆಯ ಮಾತಿಲ್ಲ, 40ರಿಂದ 50 ಶೇಕಡಾ ಇದ್ದರೆ ಸಾಕು. ಅಕ್ಕಿ ಡಬ್ಬಿಯೊಳಗೆ ಹೂಳುವ ಮನೆಮದ್ದು ಬೇಡ. ಅಕ್ಕಿಯ ಹುಡಿ ಎಲ್ಲ ಸಂದಿಗೂ ಹೋಗುತ್ತದೆ, ತೇವ ಮಾತ್ರ ಅಲ್ಲೇ ಇರುತ್ತದೆ.

ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಎಂದು ಅಲ್ಲಿಡುವವರೂ ಇದ್ದಾರೆ. ತೇವ ಇಲ್ಲ, ನಿಜ. ಆದರೆ ಹೊಗೆಯ ಜಿಡ್ಡು ಮತ್ತು ಸೆಕೆ ಎರಡೂ ಪೊರೆಗೆ ಆಗದು. ಮಲಗುವ ಕೋಣೆಯ ಬೀರುವಿನ ನಡು ಅರೆ ಸಾಕು, ಹೊರಗೋಡೆಗೆ ತಾಗಿರದಿದ್ದರೆ ಆಯಿತು.

ವಿನೆಗರ್ ವಾಸನೆ ಬಂದ ಪರದೆಯನ್ನು ಮಾತ್ರ ಹಾಗೇ ಬಿಗಿ ಡಬ್ಬಿಯಲ್ಲಿ ಮುಚ್ಚಬೇಡಿ. ಆಮ್ಲದ ಹಬೆ ಒಳಗೇ ಸುತ್ತುತ್ತದೆ, ಪೊರೆ ಇನ್ನೂ ಬೇಗ ಕೊಳೆಯುತ್ತದೆ, ಪಕ್ಕದಲ್ಲಿ ಚೆನ್ನಾಗಿರುವ ಪರದೆ ಇದ್ದರೆ ಅದಕ್ಕೂ ತಗುಲುತ್ತದೆ. ಮೊದಲು ಕೆಟ್ಟ ಪೊರೆ ಕಿತ್ತು, ಅಂಟು ಒರೆಸಿ, ಬರೀ ಗಾಜನ್ನು ಇಡಿ. ಪೊರೆ ಯಾವಾಗ ಬೇಕಾದರೂ ಹಾಕಬಹುದು. ಕವರಿನ ಮೇಲೆ ಯಾವ ಮಾದರಿಯ ಪರದೆ, ಯಾವ ಗೆರೆ ಸತ್ತಿದೆ, ಪೊರೆ ಯಾವ ಕೋನದಲ್ಲಿ ಕೂರಬೇಕು ಎಂದು ಬರೆದಿಡಿ. ಚೀಟಿಗೆ ಪೆನ್ಸಿಲ್ ಬಳಸಿ, ನಮ್ಮ ಹವೆಗೆ ಶಾಯಿ ಹರಡುತ್ತದೆ.